ಮನೆ ಅಂಗಳದಲ್ಲಿ ಪದ್ಮಿನಿ ಕಾರು ಎತ್ತಿ ನಿಲ್ಲಿಸುವುದು ಹೇಗೆ? ಕೆಂಪು ಮಣ್ಣು, ಇಳಿಜಾರು, ಹಿಂದಿನ ಬ್ರೇಕ್ ಕೆಲಸ

ನಾಪೋಕ್ಲು ಪದ್ಮಿನಿ · ಶನಿವಾರ ರಾತ್ರಿ 8:50

ಎಲ್ಲರಿಗೂ ನಮಸ್ಕಾರ. ಮಾವನವರ 1986ರ ಪ್ರೀಮಿಯರ್ ಪದ್ಮಿನಿ ಈಗ ನಮ್ಮ ಮನೆಗೆ ಬಂದಿದೆ. ಆರು ವರ್ಷ ಅವರ ಶೆಡ್ಡಿನಲ್ಲೇ ನಿಂತಿತ್ತು. ಬ್ಯಾಟರಿ ಹಾಕಿ, ಕಾರ್ಬುರೇಟರ್ ಬಿಚ್ಚಿ ತೊಳೆದ ಮೇಲೆ ಎಂಜಿನ್ ಚಾಲೂ ಆಯಿತು. ಅತ್ತೆ ಆ ಶಬ್ದ ಕೇಳಿ ಅಡುಗೆಮನೆಯಿಂದ ಓಡಿ ಬಂದರು.

ಈಗ ತೊಂದರೆ ಏನೆಂದರೆ, ಹಿಂದಿನ ಎಡ ಚಕ್ರದ ಒಳಗಿಂದ ಬ್ರೇಕ್ ಆಯಿಲ್ ಸೋರುತ್ತಿದೆ. ಬ್ರೇಕ್ ಶೂ ತಳ್ಳುವ ವೀಲ್ ಸಿಲಿಂಡರ್ ಹೋಗಿರಬೇಕು. ಬ್ರೇಕ್ ಇಲ್ಲದ ಗಾಡಿಯನ್ನು ಈ ಘಟ್ಟದ ರಸ್ತೆಯಲ್ಲಿ ಗ್ಯಾರೇಜಿಗೆ ಓಡಿಸುವ ಧೈರ್ಯ ನನಗಿಲ್ಲ. ಮನೆಯಲ್ಲೇ ಮಾಡಬೇಕು. ಸ್ಕೂಟರ್, ಪಂಪ್‌ಸೆಟ್ ಎಲ್ಲ ಬಿಚ್ಚಿ ಜೋಡಿಸಿದ್ದೇನೆ, ಪಾನಾ ಹಿಡಿದು ಅಭ್ಯಾಸ ಇದೆ. ಆದರೆ ಕಾರನ್ನು ಎತ್ತಿ ಅದರ ಅಡಿ ಕೈ ಹಾಕಿದ್ದು ಇಲ್ಲ.

ನನ್ನ ಹತ್ತಿರ ಇರುವುದು ಗಾಡಿಯ ಹಳೆ ಜಾಕ್, ಒಂದು ಬಾಟಲ್ ಜಾಕ್ ಅಷ್ಟೇ. ಅಂಗಳ ಕೆಂಪು ಮಣ್ಣು, ಗೇಟಿನ ಕಡೆಗೆ ಸ್ವಲ್ಪ ಇಳಿಜಾರು. ಮಳೆ ಹಿಡಿಯುವ ಮೊದಲು ಮುಗಿಸಬೇಕು. ಹೇಗೆ ಮಾಡಿದರೆ ಅಪಾಯ ಇಲ್ಲ, ಅನುಭವ ಇದ್ದವರು ಹೇಳಿ.

ಕುಶಾಲನಗರ ಹುಡುಗ · ಶನಿವಾರ ರಾತ್ರಿ 9:15

ಅಣ್ಣಾ, ಒಂದು ಚಕ್ರದ ಕೆಲಸ ತಾನೇ? ಬಾಟಲ್ ಜಾಕಲ್ಲಿ ಎತ್ತಿ, ಪಕ್ಕದಲ್ಲಿ ಎರಡು ಹಾಲೋ ಬ್ಲಾಕ್ ಇಟ್ಟುಬಿಡಿ. ಕಾಂಪೌಂಡ್ ಕಟ್ಟುವಾಗ ಉಳಿದ ಬ್ಲಾಕ್ ಎಲ್ಲರ ಮನೆಯಲ್ಲೂ ಇರುತ್ತದೆ ಅಲ್ವಾ. ನಾನು ನನ್ನ ಮಾರುತಿ 800ಕ್ಕೆ ಹೀಗೇ ಮಾಡಿದ್ದೆ, ಏನೂ ಆಗಲಿಲ್ಲ.

ಸಿದ್ದಾಪುರ ತೋಟದವರು · ಶನಿವಾರ ರಾತ್ರಿ 9:40

ಬೇಡ ಮಗಾ, ದಯವಿಟ್ಟು ಬ್ಲಾಕ್ ಮಾತ್ರ ಬೇಡ. ನಮ್ಮ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ.

ನಮ್ಮ ಅಪ್ಪನ ಹತ್ತಿರ ಅಂಬಾಸಿಡರ್ ಇತ್ತು. ಒಂದು ಸಲ ಸೈಲೆನ್ಸರ್ ಬದಲಿಸಲು ಹಿಂದಿನ ಭಾಗ ಎತ್ತಿ, ಎರಡೂ ಕಡೆ ಸಿಮೆಂಟ್ ಬ್ಲಾಕ್ ಇಟ್ಟು ನಿಲ್ಲಿಸಿದ್ದರು. ಸಂಜೆ ತನಕ ಅಪ್ಪ, ನಮ್ಮ ಡ್ರೈವರ್ ಇಬ್ಬರೂ ಅದರ ಅಡಿ ಮಲಗಿ ಕೆಲಸ ಮಾಡಿದ್ದಾರೆ. ಕತ್ತಲಾಯಿತು ಅಂತ ಎದ್ದು ಬಂದರು. ರಾತ್ರಿ ಎಷ್ಟೋ ಹೊತ್ತಿಗೆ ಮನೆಯೇ ಅಲುಗಿದ ಹಾಗೆ ಶಬ್ದ. ಟಾರ್ಚ್ ಹಿಡಿದು ಹೋಗಿ ನೋಡಿದರೆ ಗಾಡಿ ನೆಲಕ್ಕೆ ಕೂತಿದೆ. ಒಂದು ಬ್ಲಾಕ್ ನಾಲ್ಕು ಚೂರು. ಯಾರೂ ಮುಟ್ಟಿರಲಿಲ್ಲ, ಗಾಳಿಯೂ ಇರಲಿಲ್ಲ. ಅಪ್ಪ ಮಾತೇ ಆಡದೆ ಜಗಲಿಯಲ್ಲಿ ಕೂತುಬಿಟ್ಟರು. ನನಗೆ ಆಗ ಹನ್ನೆರಡು ವರ್ಷ. ಈಗಲೂ ಆ ಶಬ್ದ ಕಿವಿಯಲ್ಲಿದೆ.

ಗೋಣಿಕೊಪ್ಪದ ಹಳೆ ಮೆಕ್ಯಾನಿಕ್ · ಶನಿವಾರ ರಾತ್ರಿ 10:20

ತೋಟದ ಅಮ್ಮ ಹೇಳಿದ್ದು ನೂರಕ್ಕೆ ನೂರು ಸರಿ. ನಾನು 38 ವರ್ಷ ಗ್ಯಾರೇಜ್ ನಡೆಸಿದವನು. ಬ್ಲಾಕ್ ಯಾಕೆ ಬೇಡ ಅಂದರೆ, ಅದು ಗೋಡೆಗೆ ಮಾಡಿದ್ದು. ಗೋಡೆಯಲ್ಲಿ ಭಾರ ಅದರ ಇಡೀ ಮುಖದ ಮೇಲೆ ಹರಡುತ್ತದೆ. ಗಾಡಿಯ ಕಬ್ಬಿಣ ಮಾತ್ರ ಒಂದೇ ಜಾಗದಲ್ಲಿ ಒತ್ತುತ್ತದೆ. ಸಿಮೆಂಟು ಬಗ್ಗುವುದಿಲ್ಲ, ಮೊದಲೇ ಸೂಚನೆ ಕೊಡುವುದಿಲ್ಲ, ಒಂದೇ ಸಲ ಒಡೆಯುತ್ತದೆ. ಇಟ್ಟಿಗೆ, ಜಂಬಿಟ್ಟಿಗೆ ಕಲ್ಲು, ಒಂದರ ಮೇಲೊಂದು ಪೇರಿಸಿದ ಚಪ್ಪಡಿ ಎಲ್ಲ ಇದೇ ಕಥೆ. ಗಟ್ಟಿ ಮರವಾದರೆ ಕಿರ್ರೆನ್ನುತ್ತದೆ, ಜಜ್ಜಿಹೋಗುತ್ತದೆ. ನಿಮಗೆ ಎದ್ದು ಬರಲು ಸಮಯ ಸಿಗುತ್ತದೆ.

ಇನ್ನು ಜಾಕ್ ವಿಷಯ. ಬಾಟಲ್ ಜಾಕಿನಲ್ಲಿ ನಿಮ್ಮ ಇಡೀ ಗಾಡಿ ನಿಂತಿರುವುದು ಒಂದು ರಬ್ಬರ್ ಸೀಲಿನ ಮೇಲೆ. ಆ ಸೀಲ್ ಹಳೆಯದಾದರೆ ಎಣ್ಣೆ ಬಿಡುತ್ತದೆ, ಗಾಡಿ ಇಳಿಯುತ್ತದೆ. ಕೆಲವೊಮ್ಮೆ ನಿಧಾನಕ್ಕೆ, ಕೆಲವೊಮ್ಮೆ ಒಂದೇ ಸಲ. ಅದರ ತಲೆ ಚಿಕ್ಕದು, ಕಾಲೂ ಚಿಕ್ಕದು. ಗಾಡಿ ಎರಡು ಬೆರಳು ಪಕ್ಕಕ್ಕೆ ಸರಿದರೆ ಜಾಕ್ ಮಲಗಿಬಿಡುತ್ತದೆ. ಗಾಡಿಯ ಜೊತೆ ಬಂದ ಜಾಕ್ ರಸ್ತೆಯಲ್ಲಿ ಸ್ಟೆಪ್ನಿ ಹಾಕಲು ಮಾತ್ರ. ಅದರ ಮೇಲೆ ಗಾಡಿ ಇಟ್ಟು ಅಡಿ ಕೈ ಹಾಕಬಾರದು.

ಮೊದಲು ಒಂದು ಜೊತೆ ಜಾಕ್ ಸ್ಟ್ಯಾಂಡ್ ತನ್ನಿ, ಎತ್ತಿದ ಗಾಡಿಯನ್ನು ಹೊತ್ತು ನಿಲ್ಲುವ ಕಬ್ಬಿಣದ ಸ್ಟ್ಯಾಂಡ್ ಅದು. ಪದ್ಮಿನಿ ಸುಮಾರು 900 ಕೆ.ಜಿ. ಗಾಡಿ, 2 ಟನ್ನಿನ ಜೋಡಿ ಧಾರಾಳ ಸಾಕು. ಕೊಳ್ಳುವಾಗ ಒಂದು ವಿಷಯ ಕೇಳಿ. ಬರೆದಿರುವ ತೂಕ ಒಂದು ಸ್ಟ್ಯಾಂಡಿಗೋ, ಜೋಡಿಗೋ? ಜಾಸ್ತಿ ಜನ ಇದನ್ನು ನೋಡುವುದೇ ಇಲ್ಲ. ಸಾಧ್ಯವಾದರೆ ಚಕ್ರ ಇರುವ ಟ್ರಾಲಿ ಜಾಕ್ ಒಂದನ್ನು ಯಾರ ಹತ್ತಿರವಾದರೂ ಎರಡು ದಿನಕ್ಕೆ ಕೇಳಿ ತನ್ನಿ.

ಕುಶಾಲನಗರ ಹುಡುಗ · ಶನಿವಾರ ರಾತ್ರಿ 10:45

ಮೇಷ್ಟ್ರೇ, ಅಕ್ಕಾ, ಇಬ್ಬರಿಗೂ ಥ್ಯಾಂಕ್ಸ್. ನನಗೆ ನಿಜವಾಗಿ ಗೊತ್ತಿರಲಿಲ್ಲ. ನನ್ನ ಸಲಹೆ ವಾಪಸ್ ತಗೊಳ್ಳುತ್ತೇನೆ. ಒಂದು ಪ್ರಶ್ನೆ, ಸ್ಟ್ಯಾಂಡಿನಲ್ಲಿ ಎತ್ತರ ಹಿಡಿಯಲು ಹಲ್ಲು ಇರುವುದು ಒಳ್ಳೆಯದಾ, ತೂತಿಗೆ ಪಿನ್ ಹಾಕುವುದು ಒಳ್ಳೆಯದಾ?

ಗೋಣಿಕೊಪ್ಪದ ಹಳೆ ಮೆಕ್ಯಾನಿಕ್ · ಭಾನುವಾರ ಬೆಳಿಗ್ಗೆ 6:30

ನನಗೆ ಪಿನ್ ಹಾಕುವುದೇ ಇಷ್ಟ. ದಪ್ಪ ಕಬ್ಬಿಣದ ಪಿನ್ನು ಕಣ್ಣಿಗೆ ಕಾಣುತ್ತದೆ, ಹಾಕಿದೆಯೋ ಇಲ್ಲವೋ ಅನುಮಾನವೇ ಇಲ್ಲ. ಹಲ್ಲಿನದರಲ್ಲಿ ಕೊಕ್ಕೆ ಪೂರ್ತಿ ಕೂರದೆ ತುದಿಯಲ್ಲಿ ಸಿಕ್ಕಿಕೊಂಡಿದ್ದರೂ ಹೊರಗಿನಿಂದ ಸರಿಯಾಗಿ ಕೂತ ಹಾಗೇ ಕಾಣುತ್ತದೆ. 2020ರಲ್ಲಿ ಅಮೆರಿಕದಲ್ಲಿ ಇದೇ ಕಾರಣಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಸ್ಟ್ಯಾಂಡ್ ವಾಪಸ್ ತರಿಸಿಕೊಂಡರು. ಹಲ್ಲು ಸರಿಯಾಗಿ ಕಚ್ಚುತ್ತಿರಲಿಲ್ಲ, ಭಾರ ಅಲುಗಿದರೆ ಜಾರಿ ಇಳಿಯುತ್ತಿತ್ತು. ಹಲ್ಲಿನದು ನಿಮ್ಮ ಹತ್ತಿರ ಇದ್ದರೆ ಬಿಸಾಡಬೇಡಿ. ಎತ್ತರ ಇಟ್ಟ ಮೇಲೆ ಹಿಡಿಕೆಯನ್ನು ಪೂರ್ತಿ ಕೆಳಗೆ ಒತ್ತಿ, ಕೊಕ್ಕೆ ಬುಡದವರೆಗೆ ಕೂತಿದೆಯಾ ಬಗ್ಗಿ ನೋಡಿ.

ಪಿನ್ನಿನ ಬದಲು ಸಿಕ್ಕಿದ ಬೋಲ್ಟ್ ಹಾಕುವವರನ್ನೂ ನೋಡಿದ್ದೇನೆ. ಅದು ತಪ್ಪು. ಸ್ಟ್ಯಾಂಡಿನ ಜೊತೆ ಬಂದ ಪಿನ್ನೇ ಹಾಕಬೇಕು.

ಸೋಮವಾರಪೇಟೆ ಕಾಂಟ್ರಾಕ್ಟರ್ · ಭಾನುವಾರ ಬೆಳಿಗ್ಗೆ 8:10

ನಾನು ಮನೆ ಕಟ್ಟುವವನು, ಗಾಡಿ ರಿಪೇರಿ ನನ್ನ ಕೆಲಸ ಅಲ್ಲ. ಆದರೆ ಇಲ್ಲಿ ಯಾರೂ ನೆಲದ ಮಾತು ಆಡಿಲ್ಲ. ನಮ್ಮ ಊರಲ್ಲಿ ಸ್ಟ್ಯಾಂಡಿಗಿಂತ ಮೊದಲು ನೋಡಬೇಕಾದ್ದು ನೆಲ.

ಕೊಡಗಿನಲ್ಲಿ ಸಹಜವಾಗಿ ಮಟ್ಟ ಇರುವ ಅಂಗಳ ಎಷ್ಟಿವೆ ಹೇಳಿ? ಗುಡ್ಡದ ಒಂದು ಕಡೆ ಬರೆ ಕಡಿಯುತ್ತೇವೆ, ಆ ಮಣ್ಣನ್ನೇ ಇನ್ನೊಂದು ಕಡೆ ತುಂಬಿ ಮಟ್ಟ ಮಾಡುತ್ತೇವೆ. ಹಾಗಾಗಿ ಒಂದೇ ಅಂಗಳದಲ್ಲಿ ಎರಡು ನೆಲ ಇರುತ್ತದೆ. ಬರೆಯ ಕಡೆಯದು ಹುಟ್ಟು ಮಣ್ಣು, ಗಟ್ಟಿ. ಇಳಿಜಾರಿನ ಕಡೆಯದು ತುಂಬಿದ ಮಣ್ಣು. ಅದು ಇಪ್ಪತ್ತು ವರ್ಷ ಆದರೂ ಮಳೆ ಬಿದ್ದಾಗ ಕೂರುತ್ತದೆ. ಗಾಡಿಯ ಎಡಗಾಲು ಹುಟ್ಟು ಮಣ್ಣಿನ ಮೇಲೆ, ಬಲಗಾಲು ತುಂಬಿದ ಮಣ್ಣಿನ ಮೇಲೆ ಬಂದರೆ ಏನಾಗುತ್ತದೆ ಯೋಚಿಸಿ.

ಒಂದು ಕಬ್ಬಿಣದ ಸಲಾಕೆ ತಗೊಂಡು ಅಲ್ಲಲ್ಲಿ ಚುಚ್ಚಿ ನೋಡಿ. ಎಲ್ಲಿ ಒಳಗೆ ಹೋಗಲು ಹಠ ಮಾಡುತ್ತದೋ ಅಲ್ಲಿ ಗಾಡಿ ನಿಲ್ಲಿಸಿ. ಮೆತ್ತಗೆ ಇಳಿದರೆ ಆ ಜಾಗ ಬಿಡಿ. ಹೆಗ್ಗಣದ ಬಿಲ, ಹಳೆ ಪೈಪ್ ಹೂತ ಜಾಗ, ಮರದ ಬುಡ ಕಿತ್ತ ಜಾಗ ಇವು ಕಣ್ಣಿಗೆ ಕಾಣುವುದಿಲ್ಲ. ಮನೆಯ ಹಿರಿಯರನ್ನು ಕೇಳಿ.

ಇನ್ನು ಲೆಕ್ಕ. ನಿಮ್ಮ ಗಾಡಿಯ ಹಿಂಭಾಗ ಎತ್ತಿದರೆ ಒಂದೊಂದು ಸ್ಟ್ಯಾಂಡಿನ ಮೇಲೆ ಸುಮಾರು 200 ಕೆ.ಜಿ. ಬರುತ್ತದೆ ಅಂತ ಇಟ್ಟುಕೊಳ್ಳಿ. ಸ್ಟ್ಯಾಂಡಿನ ನಾಲ್ಕು ಕಾಲಿನ ತುದಿ ಸೇರಿಸಿದರೂ 20 ಚದರ ಸೆಂ.ಮೀ. ಇರಬಹುದು. ಅಂದರೆ ಪ್ರತಿ ಚದರ ಸೆಂ.ಮೀ.ಗೆ 10 ಕೆ.ಜಿ. ಹಸಿ ಮಣ್ಣು ಅದನ್ನು ತಡೆಯುವುದಿಲ್ಲ, ಕಾಲು ಹೂತು ಹೋಗುತ್ತದೆ. ಅದೇ ಸ್ಟ್ಯಾಂಡಿನ ಅಡಿ ಒಂದೂವರೆ ಅಡಿ ಚೌಕದ ದಪ್ಪ ಹಲಗೆ ಕೊಟ್ಟರೆ 2,000 ಚದರ ಸೆಂ.ಮೀ. ಸಿಗುತ್ತದೆ. ಒತ್ತಡ ನೂರನೇ ಒಂದು ಭಾಗಕ್ಕೆ ಇಳಿಯಿತು. ಹಲಗೆ ಎರಡು ಇಂಚು ದಪ್ಪ ಇರಲಿ. ತೆಳು ಹಲಗೆ ಬಗ್ಗಿಬಿಟ್ಟರೆ ಭಾರ ಹರಡುವುದಿಲ್ಲ. ಸಿಲ್ವರ್ ಓಕ್ ಬೇಡ, ಸೀಳುತ್ತದೆ. ಮತ್ತಿ, ನಂದಿ, ಹಲಸು ಏನಾದರೂ ಇದ್ದರೆ ಒಳ್ಳೆಯದು.

ನಾಪೋಕ್ಲು ಪದ್ಮಿನಿ · ಭಾನುವಾರ ಮಧ್ಯಾಹ್ನ 1:05

ಸಾರ್, ಸಲಾಕೆ ಹಿಡಿದು ಈಗಷ್ಟೇ ಅಂಗಳ ಪೂರ್ತಿ ಚುಚ್ಚಿ ಬಂದೆ. ನೀವು ಹೇಳಿದ ಹಾಗೇ ಇದೆ. ಬರೆಯ ಪಕ್ಕ ನಾಲ್ಕು ಬೆರಳು ಇಳಿಯಲು ಬೆವರು ಬಂತು. ಗೇಟಿನ ಹತ್ತಿರ ಒಂದು ಗೇಣು ಸಲೀಸಾಗಿ ಹೋಯಿತು. ನಾನು ಗಾಡಿ ನಿಲ್ಲಿಸಬೇಕು ಅಂದುಕೊಂಡಿದ್ದು ಗೇಟಿನ ಹತ್ತಿರವೇ.

ಇನ್ನೊಂದು ಯೋಚನೆ ಇದೆ. ಪಕ್ಕದ ದೊಡ್ಡಪ್ಪನ ಮನೆಯ ಕಾಫಿ ಕಣ ಸಿಮೆಂಟಿನದು. ಕಾಫಿ ಒಣಗಿಸುವ ಕೆಲಸ ಮುಗಿದು ಖಾಲಿ ಇದೆ. ಗಾಡಿಯನ್ನು ತಳ್ಳಿಕೊಂಡು ಅಲ್ಲಿಗೆ ಹೋಗಬಹುದು. ಅಲ್ಲಿ ಆಗಬಹುದಾ?

ಸೋಮವಾರಪೇಟೆ ಕಾಂಟ್ರಾಕ್ಟರ್ · ಭಾನುವಾರ ಮಧ್ಯಾಹ್ನ 2:30

ಕಣ ಮಣ್ಣಿಗಿಂತ ಎಷ್ಟೋ ವಾಸಿ. ಆದರೆ ಕಣವನ್ನು ಮಟ್ಟವಾಗಿ ಮಾಡಿರುವುದಿಲ್ಲ. ಮಳೆ ನೀರು ನಿಲ್ಲಬಾರದು ಅಂತ ಬೇಕೆಂದೇ ಸಣ್ಣ ವಾಟ ಕೊಟ್ಟಿರುತ್ತಾರೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಗಾಡಿಗೆ ಗೊತ್ತಾಗುತ್ತದೆ. ರಸಮಟ್ಟ ಇಟ್ಟು ನೋಡಿ. ಇಲ್ಲದಿದ್ದರೆ ಒಂದು ಚೊಂಬು ನೀರು ಸುರಿದು ಯಾವ ಕಡೆ ಹರಿಯುತ್ತದೆ ನೋಡಿ. ಕೆಲವು ಕಣದ ಸಿಮೆಂಟ್ ಎರಡು ಇಂಚೂ ಇರುವುದಿಲ್ಲ, ಅಡಿಯಲ್ಲಿ ಬರೀ ಮಣ್ಣು. ತಟ್ಟಿದರೆ ಟೊಳ್ಳು ಶಬ್ದ ಬರುವ ಜಾಗ ಬಿಡಿ. ಹಲಗೆ ಅಲ್ಲೂ ಬೇಕು. ದೊಡ್ಡಪ್ಪನ ಸಿಮೆಂಟೂ ಉಳಿಯುತ್ತದೆ.

ಮಾಂದಲಪಟ್ಟಿ ಜೀಪ್ · ಭಾನುವಾರ ಸಂಜೆ 7:20

ದಿನವಿಡೀ ಗುಡ್ಡ ಹತ್ತಿ ಇಳಿಯುವವನು ನಾನು. ಜಾರುವ ಗಾಡಿ ಬಗ್ಗೆ ಎರಡು ಮಾತು ಹೇಳಲೇಬೇಕು.

ಎಲ್ಲರೂ ಹ್ಯಾಂಡ್ ಬ್ರೇಕ್ ಎಳೆದೆ, ಗೇರ್ ಹಾಕಿದೆ, ಇನ್ನು ಗಾಡಿ ಎಲ್ಲಿಗೂ ಹೋಗುವುದಿಲ್ಲ ಅಂದುಕೊಳ್ಳುತ್ತಾರೆ. ಹಿಂದಿನ ಚಕ್ರ ಎತ್ತಿದ ಕ್ಷಣ ಈ ಲೆಕ್ಕ ತಲೆಕೆಳಗು. ಗೇರ್ ಹಿಡಿಯುವುದು ಎಂಜಿನ್ನಿನ ಬಲ ಹಿಂದಕ್ಕೆ ಒಯ್ಯುವ ಶಾಫ್ಟನ್ನು. ಶಾಫ್ಟಿನಿಂದ ಚಕ್ರಕ್ಕೆ ಹೋಗುವ ದಾರಿಯಲ್ಲಿ ಡಿಫರೆನ್ಷಿಯಲ್ ಇದೆ, ಎರಡು ಹಿಂಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು ಅದು. ಒಂದು ಹಿಂಚಕ್ರ ಗಾಳಿಯಲ್ಲಿದ್ದರೆ ಅದು ಹಿಂದಕ್ಕೆ ತಿರುಗುತ್ತದೆ, ನೆಲದ ಮೇಲಿನದು ಮುಂದಕ್ಕೆ ತಿರುಗುತ್ತದೆ, ಶಾಫ್ಟ್ ಅಲ್ಲಾಡುವುದೇ ಇಲ್ಲ. ಅಂದರೆ ಗೇರಿನಲ್ಲಿದ್ದೂ ಗಾಡಿ ಉರುಳುತ್ತದೆ. ನಮ್ಮ ಹಳೆ ಸಿಜೆ3ಬಿ ಜೀಪಿನಲ್ಲಿ ಹ್ಯಾಂಡ್ ಬ್ರೇಕ್ ಕೂಡ ಚಕ್ರದಲ್ಲಿ ಇಲ್ಲ, ಟ್ರಾನ್ಸ್‌ಫರ್ ಕೇಸ್ ಹಿಂದೆ ಶಾಫ್ಟಿನ ಮೇಲಿದೆ. ಅಲ್ಲೂ ಇದೇ ಆಟ. ಒಂದು ಹಿಂಚಕ್ರ ಎತ್ತಿದರೆ ಹ್ಯಾಂಡ್ ಬ್ರೇಕ್ ಎಳೆದಿದ್ದರೂ ಇಲ್ಲದ ಹಾಗೆ. ಹಳೆ ಜೀಪ್ ಇರುವವರು ಇದನ್ನು ಮರೆಯಬೇಡಿ, ತೋಟಗಳಲ್ಲಿ ಈಗಲೂ ಎಷ್ಟೋ ಇವೆ.

ಎರಡೂ ಹಿಂಚಕ್ರ ಎತ್ತಿದರೆ ಇನ್ನೂ ಸುಲಭ ಲೆಕ್ಕ. ನೆಲದ ಮೇಲೆ ಉಳಿದದ್ದು ಮುಂದಿನ ಎರಡು ಚಕ್ರ. ಅವಕ್ಕೆ ಗೇರೂ ಇಲ್ಲ, ಹ್ಯಾಂಡ್ ಬ್ರೇಕೂ ಇಲ್ಲ. ಅವನ್ನು ಹಿಡಿಯುವುದು ನೀವು ಕೊಡುವ ಅಡ್ಡ ಮಾತ್ರ. ಹಾಗಾಗಿ ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಎರಡೂ ಕಡೆ ಅಡ್ಡ ಕೊಡಿ. ನಾಲ್ಕು ತುಂಡು ಬೇಕು. ದುಂಡು ಕಲ್ಲು ಬೇಡ, ಚಕ್ರ ಅದನ್ನು ತಳ್ಳಿಕೊಂಡು ಹೋಗುತ್ತದೆ. ಓರೆಯಾಗಿ ಕೊಯ್ದ ಮರದ ಬೆಣೆ ಮಾಡಿಸಿ, ಟಯರಿಗೆ ಬಿಗಿಯಾಗಿ ಸುತ್ತಿಗೆಯಲ್ಲಿ ಒಂದು ಏಟು ಕೊಟ್ಟು ಕೂರಿಸಿ.

ಗೋಣಿಕೊಪ್ಪದ ಹಳೆ ಮೆಕ್ಯಾನಿಕ್ · ಭಾನುವಾರ ರಾತ್ರಿ 8:45

ಜೀಪಿನವರು ತುಂಬ ಮುಖ್ಯ ವಿಷಯ ಹೇಳಿದರು. ಇದಕ್ಕೆ ಇನ್ನೊಂದು ಸೇರಿಸಿ. ನಿಮ್ಮ ಕೆಲಸವೇ ಹಿಂದಿನ ಬ್ರೇಕು. ಚಕ್ರದ ಒಳಗಿನ ಬ್ರೇಕ್ ಡ್ರಮ್ ಹೊರಗೆ ಬರಬೇಕಾದರೆ ಹ್ಯಾಂಡ್ ಬ್ರೇಕ್ ಬಿಡಲೇಬೇಕು, ಗೇರ್ ನ್ಯೂಟ್ರಲ್ ಮಾಡಿ ಡ್ರಮ್ ತಿರುಗಿಸಲೇಬೇಕು. ಅಂದರೆ ಕೆಲಸದ ಮಧ್ಯದಲ್ಲಿ ಇವೆರಡನ್ನೂ ನೀವೇ ಕೈಯಾರೆ ಬಿಡುತ್ತೀರಿ.

ಆರು ವರ್ಷ ನಿಂತ ಗಾಡಿಯ ಡ್ರಮ್ ಸುಮ್ನೆ ಬರುವುದಿಲ್ಲ. ತುಕ್ಕು ಹಿಡಿದು ಕಚ್ಚಿರುತ್ತದೆ. ಆಗ ಏನು ಮಾಡುತ್ತೇವೆ? ಕಾಲು ಕೊಟ್ಟು ಎಳೆಯುತ್ತೇವೆ, ಪಕ್ಕದಿಂದ ಬಡಿಯುತ್ತೇವೆ. ಗಾಡಿಯನ್ನು ಸ್ಟ್ಯಾಂಡಿನಿಂದ ಬೀಳಿಸಲು ಇದಕ್ಕಿಂತ ಬೇರೆ ಬಲ ಬೇಕಾಗಿಲ್ಲ. ನಾನು ಕಲಿಯುತ್ತಿದ್ದಾಗ ಜೊತೆಯ ಹುಡುಗನ ಎಡಗೈಯ ಎರಡು ಬೆರಳ ತುದಿ ಹೀಗೇ ಹೋಯಿತು. ಬಾಟಲ್ ಜಾಕ್ ಮೇಲೆ ಗಾಡಿ ಇಟ್ಟು ಡ್ರಮ್ ಎಳೆಯುತ್ತಿದ್ದ. ಅವನ ಅಳು ನನಗೆ ಇವತ್ತಿಗೂ ಮರೆತಿಲ್ಲ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಹಿಂದಿನ ರಾತ್ರಿಯೇ ಡ್ರಮ್ ಮತ್ತು ಹಬ್ ಸೇರುವ ಜಾಗಕ್ಕೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಶೂ ಒಳಗೆ ಬೀಳದಂತೆ ಸ್ವಲ್ಪವೇ. ಬ್ರೇಕ್ ಅಡ್ಜಸ್ಟರ್ ಸಡಿಲ ಮಾಡಿ. ಡ್ರಮ್ ಮುಖಕ್ಕೆ ಮರದ ತುಂಡು ಇಟ್ಟು ಸುತ್ತಲೂ ಸಣ್ಣ ಸಣ್ಣ ಏಟು ಕೊಡಿ. ಹತ್ತು ದೊಡ್ಡ ಏಟಿಗಿಂತ ನೂರು ಸಣ್ಣ ಏಟು ಕೆಲಸ ಮಾಡುತ್ತದೆ. ಒಳಗಿನ ಧೂಳನ್ನು ಬಾಯಿಂದ ಊದಬೇಡಿ, ಗಾಳಿ ಹೊಡೆಯಬೇಡಿ. ಹಳೆ ಶೂಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿಗೆ ಹಾಕಿ ಕಟ್ಟಿ.

ಎತ್ತುವ ಕ್ರಮ ಹೀಗಿರಲಿ. ಚಕ್ರ ನೆಲದಲ್ಲಿರುವಾಗಲೇ ವೀಲ್ ಬೋಲ್ಟುಗಳನ್ನು ಅರ್ಧ ಸುತ್ತು ಸಡಿಲ ಮಾಡಿ. ಎತ್ತಿದ ಮೇಲೆ ಪಾನಾ ಹಾಕಿ ಜಗ್ಗಾಡಬಾರದು. ಮುಂದಿನ ಚಕ್ರಕ್ಕೆ ಬೆಣೆ ಕೊಡಿ. ಟ್ರಾಲಿ ಜಾಕನ್ನು ಹಿಂದಿನ ಹೌಸಿಂಗ್ (ಎರಡು ಹಿಂಚಕ್ರದ ನಡುವಿನ ಕಬ್ಬಿಣದ ಕವಚ) ಮಧ್ಯೆ, ಗುಂಡಗಿನ ಗಟ್ಟಿ ಭಾಗಕ್ಕೆ ಕೊಟ್ಟು ಎರಡೂ ಚಕ್ರ ಒಟ್ಟಿಗೆ ಎತ್ತಿ. ನಡುವೆ ಹಳೆ ಟಯರಿನ ತುಂಡು ಇಡಿ, ಕಬ್ಬಿಣಕ್ಕೆ ಕಬ್ಬಿಣ ಜಾರುತ್ತದೆ. ನಾಲ್ಕು ಬೆರಳು ಎದ್ದ ಮೇಲೆ ನಿಲ್ಲಿಸಿ ಸುತ್ತ ಒಂದು ಸಲ ನೋಡಿ ಬನ್ನಿ. ಎಲ್ಲ ನೆಟ್ಟಗಿದ್ದರೆ ಮುಂದುವರಿಸಿ. ಸ್ಟ್ಯಾಂಡನ್ನು ಹೌಸಿಂಗ್ ಕೊಳವೆಯ ಅಡಿ, ಲೀಫ್ ಸ್ಪ್ರಿಂಗ್ ಕೂತಿರುವ ಜಾಗದ ಹತ್ತಿರ ಕೊಡಿ. ಅಲ್ಲಿ ಬ್ರೇಕ್ ಪೈಪ್ ಹರಿದಿರುತ್ತದೆ, ಅದು ನಡುವೆ ಸಿಕ್ಕಿ ಜಜ್ಜದ ಹಾಗೆ ನೋಡಿಕೊಳ್ಳಿ. ಆಮೇಲೆ ಜಾಕನ್ನು ತುಂಬ ನಿಧಾನವಾಗಿ ಇಳಿಸಿ, ಭಾರ ಪೂರ್ತಿ ಸ್ಟ್ಯಾಂಡಿಗೆ ಬರಲಿ.

ಅಡಿಗೆ ಹೋಗುವ ಮೊದಲು ಹೊರಗೆ ನಿಂತು ಗಾಡಿಯನ್ನು ಕೈಯಿಂದ ಜೋರಾಗಿ ಅಲುಗಿಸಿ. ಮುಂದೆ, ಹಿಂದೆ, ಪಕ್ಕಕ್ಕೆ. ಬೀಳುವ ಗಾಡಿ ಆಗಲೇ ಬೀಳಲಿ. ಬಿಚ್ಚಿದ ಚಕ್ರಗಳನ್ನು ಬಾಗಿಲ ಕೆಳಗಿನ ಪಟ್ಟಿಯ ಅಡಿ ಮಲಗಿಸಿಡಿ. ಜಾಕನ್ನು ತೆಗೆಯದೆ ಹೌಸಿಂಗಿಗೆ ತಾಗಿಯೂ ತಾಗದ ಹಾಗೆ ಅಲ್ಲೇ ಬಿಡಿ.

ಕುಶಾಲನಗರ ಹುಡುಗ · ಭಾನುವಾರ ರಾತ್ರಿ 9:30

ಮೇಷ್ಟ್ರೇ, ಲೀಫ್ ಸ್ಪ್ರಿಂಗನ್ನೇ ಬಿಚ್ಚಬೇಕಾದರೆ ಸ್ಟ್ಯಾಂಡ್ ಎಲ್ಲಿ ಕೊಡಬೇಕು? ಹೌಸಿಂಗ್ ಅಡಿ ಕೊಟ್ಟರೆ ಬಾಡಿ ಬೀಳುತ್ತದೆ ಅಲ್ವಾ?

ಗೋಣಿಕೊಪ್ಪದ ಹಳೆ ಮೆಕ್ಯಾನಿಕ್ · ಭಾನುವಾರ ರಾತ್ರಿ 9:50

ಒಳ್ಳೆ ಪ್ರಶ್ನೆ. ಹೌದು, ಆಗ ಬಾಡಿಯನ್ನು ಹೊರಬೇಕು. ಸ್ಪ್ರಿಂಗಿನ ಮುಂದಿನ ತುದಿ ಬಾಡಿಗೆ ಸೇರುವ ಗಟ್ಟಿ ಜಾಗದ ಪಕ್ಕ ಸ್ಟ್ಯಾಂಡ್ ಬರಬೇಕು, ಹೌಸಿಂಗನ್ನು ಜಾಕ್ ಮೇಲೆ ಬೇರೆಯಾಗಿ ಹಿಡಿದುಕೊಳ್ಳಬೇಕು.

ಮುಂದಿನ ಭಾಗದ ಕೆಲಸ ಮಾತ್ರ ಮೊದಲ ಸಲಕ್ಕೆ ಬೇಡ. ಪದ್ಮಿನಿಯಲ್ಲಿ ಮುಂದೆ ಕಾಯಿಲ್ ಸ್ಪ್ರಿಂಗ್ ಒತ್ತಿಕೊಂಡು ಕೂತಿರುತ್ತದೆ, ಅಂಬಾಸಿಡರಿನಲ್ಲಿ ಟಾರ್ಷನ್ ಬಾರ್ ತಿರುಚಿಕೊಂಡಿರುತ್ತದೆ. ತಪ್ಪು ನಟ್ಟು ಬಿಚ್ಚಿದರೆ ಅದರೊಳಗಿನ ಬಲವೆಲ್ಲ ಒಂದೇ ಸಲ ಹೊರಗೆ ಬರುತ್ತದೆ. ಅದನ್ನು ಕಲಿತವರ ಎದುರೇ ಮಾಡಬೇಕು.

ಸಿದ್ದಾಪುರ ತೋಟದವರು · ಸೋಮವಾರ ಬೆಳಿಗ್ಗೆ 10:15

ಮೇಷ್ಟ್ರೇ, ಪದ್ಮಿನಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ ಅಲ್ಲವೇ. ಜೀಪಿನ ಹಾಗೆ ಎಲ್ಲಿ ಬೇಕಾದರೂ ಜಾಕ್ ಕೊಡಲು ಆಗುವುದಿಲ್ಲ. ನಮ್ಮ ಮಳೆಯಲ್ಲಿ ಈ ಗಾಡಿಗಳ ಅಡಿ ಎಷ್ಟು ತಿಂದುಹೋಗಿರುತ್ತದೆ ಅಂತ ಮೇಲಿಂದ ಗೊತ್ತೇ ಆಗುವುದಿಲ್ಲ. ನಮ್ಮ ಅಂಬಾಸಿಡರಿನ ಬಾಗಿಲ ಕೆಳಗೆ ಹೊಳೆಯುವ ಬಣ್ಣ ಇತ್ತು. ಒಮ್ಮೆ ಜಾಕ್ ಕೊಟ್ಟಾಗ ಗಾಡಿ ಏಳಲಿಲ್ಲ, ಜಾಕೇ ಒಳಗೆ ಹೋಯಿತು. ಅಲ್ಲಿ ಯಾರೋ ಪುಟ್ಟಿ ತುಂಬಿ ಬಣ್ಣ ಬಳಿದಿದ್ದರು.

ಹಾಗಾಗಿ ನಾಪೋಕ್ಲು ಅಣ್ಣ, ಎತ್ತುವ ಮೊದಲು ಅಡಿ ಬಗ್ಗಿ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋಗಿ. ಒಳ್ಳೆ ತಗಡು ಟಣ್ ಅನ್ನುತ್ತದೆ. ಪುಟ್ಟಿ, ತುಕ್ಕು ದಪ್ ಅನ್ನುತ್ತದೆ. ಅಯಸ್ಕಾಂತ ಇಟ್ಟು ನೋಡಿದರೂ ಆಯಿತು, ಪುಟ್ಟಿಗೆ ಅಂಟುವುದಿಲ್ಲ.

ಮಾಂದಲಪಟ್ಟಿ ಜೀಪ್ · ಸೋಮವಾರ ಮಧ್ಯಾಹ್ನ 12:40

ಟ್ರಾಲಿ ಜಾಕ್ ಬಗ್ಗೆ ಒಂದು ಮಾತು ಉಳಿದಿದೆ. ಅದರ ತೋಳು ನೆಟ್ಟಗೆ ಮೇಲಕ್ಕೆ ಹೋಗುವುದಿಲ್ಲ, ಕಮಾನಿನ ಹಾಗೆ ಬಾಗಿ ಏಳುತ್ತದೆ. ಗಾಡಿ ಏಳುತ್ತಿದ್ದ ಹಾಗೆ ಜಾಕ್ ತಾನೇ ಚಕ್ರದ ಮೇಲೆ ಸ್ವಲ್ಪ ಉರುಳಬೇಕು. ಅದಕ್ಕೇ ಅದಕ್ಕೆ ಚಕ್ರ ಇರುವುದು. ಮಣ್ಣಿನಲ್ಲಿ ಇಟ್ಟರೆ ಆ ಸಣ್ಣ ಚಕ್ರ ಹೂತುಕೊಳ್ಳುತ್ತದೆ, ಉರುಳಲು ಆಗುವುದಿಲ್ಲ. ಆಗ ಜಾಕ್ ಗಾಡಿಯನ್ನೇ ಪಕ್ಕಕ್ಕೆ ಎಳೆಯುತ್ತದೆ, ಇಲ್ಲ ತಲೆ ಜಾರುತ್ತದೆ. ಕಣದಲ್ಲೂ ಬಿರುಕಿಗೆ ಚಕ್ರ ಸಿಕ್ಕಿದರೆ ಇದೇ ಆಗುತ್ತದೆ. ಜಾಕಿನ ಅಡಿ ಅಗಲವಾದ ಕಬ್ಬಿಣದ ತಗಡು ಅಥವಾ ದಪ್ಪ ಪ್ಲೈವುಡ್ ಹಾಸಿ. ಅದು ಜಾಕಿಗಿಂತ ಉದ್ದ ಇರಬೇಕು, ಉರುಳಲು ಜಾಗ ಬೇಕು.

ನಮ್ಮ ಹತ್ತಿರ ಸರ್ವಿಸ್ ಗುಂಡಿ ಇದೆ, ಅಲ್ಲಿ ತರಲು ಆಗುತ್ತಾ ಅಂತ ಕೇಳೋಣ ಅಂದುಕೊಂಡೆ. ಆದರೆ ಬ್ರೇಕ್ ಇಲ್ಲದ ಗಾಡಿ, ಬೇಡ.

ಮಡಿಕೇರಿ ನರ್ಸ್ · ಸೋಮವಾರ ರಾತ್ರಿ 9:05

ಗುಂಡಿಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಗುಂಡಿಯಲ್ಲಿ ಇಳಿದು ನಿಲ್ಲುತ್ತದೆ. ಹಳೆ ಗಾಡಿ ಎಲ್ಲಾದರೂ ಸೋರುತ್ತಿದ್ದರೆ ಒಂದು ಕಿಡಿ ಸಾಕು. ಗುಂಡಿ ಇರುವವರು ಅಲ್ಲಿ ಬಲ್ಬಿನ ಹೋಲ್ಡರ್ ಇಳಿಬಿಡಬೇಡಿ.

ಎಲ್ಲರೂ ಬೀಳದ ಹಾಗೆ ಹೇಗೆ ಅಂತ ಬರೆದಿದ್ದೀರಿ, ತುಂಬ ಒಳ್ಳೆಯದು. ಬಿದ್ದರೆ ಏನು ಅಂತ ಕೂಡ ಮನೆಯವರಿಗೆ ಮೊದಲೇ ಹೇಳಿಡಿ. ಒಬ್ಬರೇ ಇದ್ದಾಗ ಗಾಡಿ ಅಡಿ ಹೋಗಲೇಬೇಡಿ. ತೋಟದ ಮನೆಗಳಲ್ಲಿ ಕೂಗಿದರೆ ಯಾರಿಗೂ ಕೇಳುವುದಿಲ್ಲ, ಎಷ್ಟೋ ಕಡೆ ಮೊಬೈಲ್ ಸಿಗ್ನಲ್ ಕೂಡ ಇಲ್ಲ. ಕಣದಲ್ಲಿ ಸಿಗ್ನಲ್ ಎಲ್ಲಿ ಸಿಗುತ್ತದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ. 108ಕ್ಕೆ ಫೋನ್ ಮಾಡಿದಾಗ ದಾರಿ ಹೇಳಲು ಗೊತ್ತಿರುವವರು ಪಕ್ಕದಲ್ಲಿರಬೇಕು.

ಯಾರಾದರೂ ಸಿಕ್ಕಿಕೊಂಡರೆ ಎಳೆಯಬೇಡಿ. ಎಳೆದರೆ ಗಾಯ ಜಾಸ್ತಿ ಆಗುತ್ತದೆ. ನಾಲ್ಕು ಜನ ಸೇರಿ ಗಾಡಿ ಎತ್ತಲು ಹೋಗಿ ಕೈ ಜಾರಿದರೆ ಎರಡನೇ ಸಲ ಅದೇ ಜಾಗಕ್ಕೆ ಬೀಳುತ್ತದೆ. ಎರಡನೆಯ ಜಾಕ್ ಒಂದು ಹತ್ತಿರದಲ್ಲೇ ಇರಲಿ. ಅದರಿಂದ ಎತ್ತಿ, ಮರದ ತುಂಡು ಕೊಡುತ್ತಾ ಬನ್ನಿ. ನಿಮ್ಮ ಬಾಟಲ್ ಜಾಕ್ ಇದಕ್ಕೆ ಆಗುತ್ತದೆ. ಹೊರಗೆ ಬಂದವರು ನಾನು ಚೆನ್ನಾಗಿದ್ದೇನೆ ಅಂದರೂ ಆಸ್ಪತ್ರೆಗೆ ಕರೆದುಕೊಂಡು ಬನ್ನಿ. ಒಳಗಿನ ಪೆಟ್ಟು ಹೊರಗೆ ಕಾಣುವುದಿಲ್ಲ.

ಮಕ್ಕಳು, ನಾಯಿ ಕಣದ ಹತ್ತಿರ ಬರದ ಹಾಗೆ ಒಂದು ಹಗ್ಗ ಕಟ್ಟಿ.

ನಾಪೋಕ್ಲು ಪದ್ಮಿನಿ · ಮಂಗಳವಾರ ಬೆಳಿಗ್ಗೆ 7:45

ಇದನ್ನೆಲ್ಲ ಓದಿ ಹೆಂಡತಿಗೂ ಓದಿ ಹೇಳಿದೆ. ಅವಳು ಜೊತೆಗಿರುತ್ತಾಳೆ. ಇನ್ನೊಂದು ಸಂದೇಹ. ಸಿಲಿಂಡರ್ ಹಾಕಿದ ಮೇಲೆ ಬ್ರೇಕಿನ ಗಾಳಿ ತೆಗೆಯಬೇಕು ಅಲ್ವಾ. ಆಗ ಒಬ್ಬರು ಒಳಗೆ ಕೂತು ಪೆಡಲ್ ಒತ್ತಬೇಕು. ಸ್ಟ್ಯಾಂಡ್ ಮೇಲಿರುವ ಗಾಡಿಯಲ್ಲಿ ಕೂರಬಹುದಾ?

ಗೋಣಿಕೊಪ್ಪದ ಹಳೆ ಮೆಕ್ಯಾನಿಕ್ · ಮಂಗಳವಾರ ಬೆಳಿಗ್ಗೆ 8:20

ಕೂರಬಹುದು, ಆದರೆ ಹತ್ತುವಾಗ, ಇಳಿಯುವಾಗ ಯಾರೂ ಅಡಿಯಲ್ಲಿ ಇರಬಾರದು. ಬಾಗಿಲು ಮೊದಲೇ ತೆಗೆದಿಡಿ, ಧಡಾರನೆ ಹಾಕಬೇಡಿ. ಅವರು ಕೂತು ಅಲುಗಾಟ ನಿಂತ ಮೇಲೆ ನೀವು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಚಕ್ರ ಬಿಚ್ಚಿದ ಜಾಗದಿಂದ ಕೈ ಹಾಕಿ ಗಾಳಿ ಬಿಡುವ ನಿಪ್ಪಲ್ ತಿರುಗಿಸಿ. ಕೈ ಮಾತ್ರ ಒಳಗೆ, ತಲೆ, ಎದೆ, ಕಾಲು ಹೊರಗೆ. ಗಾಳಿ ತೆಗೆಯಲು ಗಾಡಿ ಅಡಿ ಮಲಗುವ ಅಗತ್ಯವೇ ಇಲ್ಲ. ಪೆಡಲನ್ನು ನಿಧಾನ ಒತ್ತಲು ಹೇಳಿ.

ಮತ್ತೆ, ಎಡದ ಸಿಲಿಂಡರ್ ಒಂದೇ ಬದಲಿಸಬೇಡಿ, ಎರಡೂ ಬದಲಿಸಿ. ಒಂದು ಹೋದರೆ ಇನ್ನೊಂದು ಅದೇ ದಾರಿಯಲ್ಲಿರುತ್ತದೆ.

ನಾಪೋಕ್ಲು ಪದ್ಮಿನಿ · 12 ದಿನದ ನಂತರ, ಭಾನುವಾರ ರಾತ್ರಿ 8:30

ಕೆಲಸ ಮುಗಿಯಿತು. ಏನೇನಾಯಿತು ಅಂತ ಬರೆಯುತ್ತೇನೆ, ಮುಂದೆ ಯಾರಿಗಾದರೂ ಬೇಕಾಗಬಹುದು.

ಮಡಿಕೇರಿಯಲ್ಲಿ ಪಿನ್ ಹಾಕುವ 2 ಟನ್ನಿನ ಸ್ಟ್ಯಾಂಡ್ ಜೋಡಿ ತಂದೆ. ಟ್ರಾಲಿ ಜಾಕ್ ಪರಿಚಯದ ಟಯರ್ ಅಂಗಡಿಯವರು ಎರಡು ದಿನಕ್ಕೆ ಕೊಟ್ಟರು. ಐನ್‌ಮನೆಯ (ಕುಟುಂಬದ ಹಿರಿಯರ ಮನೆ) ಅಟ್ಟದಲ್ಲಿ ಹಳೆ ಮತ್ತಿ ಮರದ ಹಲಗೆ ಇತ್ತು. ಅದನ್ನು ನಾಲ್ಕು ತುಂಡು ಮಾಡಿಸಿದೆ, ಉಳಿದದ್ದರಲ್ಲಿ ಬೆಣೆ.

ಗಾಡಿಯನ್ನು ಆರು ಜನ ಸೇರಿ ಕಣಕ್ಕೆ ತಳ್ಳಿದೆವು. ಇಬ್ಬರಿಗೆ ತಳ್ಳುವ ಕೆಲಸವೇ ಇಲ್ಲ, ಬೆಣೆ ಹಿಡಿದು ಚಕ್ರದ ಪಕ್ಕ ನಡೆಯುವುದು. ಜೀಪಿನವರು ಹೇಳಿದ್ದು ತಲೆಯಲ್ಲಿ ಕೂತಿತ್ತು. ಚೊಂಬಿನ ನೀರು ಸುರಿದು ನೋಡಿದರೆ ಪೂರ್ವದ ಮೂಲೆಗೆ ಹರಿಯಿತು. ಹೆಚ್ಚು ಮಟ್ಟ ಇರುವ ಮಧ್ಯಭಾಗ ಹುಡುಕಿ ಅಲ್ಲಿ ನಿಲ್ಲಿಸಿದೆವು.

ಅಡಿ ಬಗ್ಗಿ ತಟ್ಟುತ್ತಾ ಹೋದೆ. ಬಲಗಡೆ ಎಲ್ಲ ಟಣ್. ಎಡಗಡೆ, ಹಿಂದಿನ ಜಾಕ್ ಕೊಡುವ ಜಾಗದ ಹತ್ತಿರ ದಪ್ ಅಂತು. ಸ್ಕ್ರೂಡ್ರೈವರ್ ಸ್ವಲ್ಪ ಒತ್ತಿದೆ, ಅರ್ಧ ಇಂಚು ಒಳಗೆ ಹೋಯಿತು. ತೋಟದ ಅಕ್ಕಾ, ನೀವು ಹೇಳದಿದ್ದರೆ ನಾನು ಹಳೆ ಜಾಕನ್ನು ಅಲ್ಲೇ ಕೊಡುತ್ತಿದ್ದೆ. ತುಂಬ ಋಣಿ.

ಹೌಸಿಂಗಿಗೆ ಜಾಕ್ ಕೊಟ್ಟು ಎತ್ತಿ, ಸ್ಟ್ಯಾಂಡ್ ಮೇಲೆ ಇಳಿಸಿ, ಅಲುಗಿಸಿ ನೋಡಿದೆ. ಬಲಗಡೆ ಸಣ್ಣ ಟಕ್ ಶಬ್ದ ಬಂತು. ಬಗ್ಗಿ ನೋಡಿದರೆ ಸ್ಟ್ಯಾಂಡಿನ ಒಂದು ಕಾಲು ಹಲಗೆಯ ಅಂಚಿನಲ್ಲಿ ಕೂತಿದೆ. ಮತ್ತೆ ಎತ್ತಿ, ಹಲಗೆ ಸರಿಸಿ, ಮತ್ತೆ ಇಳಿಸಿದೆ. ಇಪ್ಪತ್ತು ನಿಮಿಷ ಹೋಯಿತು. ಎರಡನೇ ಸಲ ಅಲುಗಿಸಿದಾಗ ಗಾಡಿ ಬಂಡೆಯ ಹಾಗೆ ನಿಂತಿತ್ತು.

ಮಧ್ಯಾಹ್ನ ಮಳೆ ಬಂತು. ಎಡದ ಡ್ರಮ್ ಅರ್ಧ ಎದ್ದಿತ್ತು. ಇನ್ನೇನು ಬಂದುಬಿಡುತ್ತದೆ ಅನ್ನುವಾಗ ಬಿಟ್ಟು ಬರಲು ಮನಸ್ಸಾಗಲಿಲ್ಲ. ಹೆಂಡತಿ ಎದ್ದು ಬನ್ನಿ ಅಂದಳು, ಎದ್ದು ಬಂದೆ. ಟಾರ್ಪಾಲ್ ಮುಚ್ಚಿ, ಬೆಳಿಗ್ಗೆ ಬಂದು ಬೆಣೆ, ಹಲಗೆ, ಪಿನ್ನು ಎಲ್ಲ ಮತ್ತೊಮ್ಮೆ ನೋಡಿ, ಮತ್ತೊಮ್ಮೆ ಅಲುಗಿಸಿ ಕೆಲಸ ಶುರು ಮಾಡಿದೆ. ಡ್ರಮ್ ನೂರು ಸಣ್ಣ ಏಟಿಗೇ ಬಂತು ಮೇಷ್ಟ್ರೇ. ಸಿಲಿಂಡರ್ ಒಳಗೆ ಪೂರ್ತಿ ತುಕ್ಕು. ಬಲಗಡೆಯದು ಸೋರುತ್ತಿರಲಿಲ್ಲ, ಆದರೆ ರಬ್ಬರ್ ಎತ್ತಿ ನೋಡಿದರೆ ಒಳಗೆ ಒದ್ದೆ. ಎರಡೂ ಬದಲಿಸಿದೆ.

ಇವತ್ತು ಕಣದಲ್ಲೇ ಹತ್ತು ಸುತ್ತು ಓಡಿಸಿ ಬ್ರೇಕ್ ಹಾಕಿ ನೋಡಿದೆ. ಅತ್ತೆ ಪಕ್ಕದ ಸೀಟಿನಲ್ಲಿ ಕೂತಿದ್ದರು. ಎಡಗಡೆ ತಗಡಿನ ವೆಲ್ಡಿಂಗ್ ಆಗುವ ತನಕ ರಸ್ತೆಗೆ ಇಳಿಸುವುದಿಲ್ಲ.

ಗೋಣಿಕೊಪ್ಪದ ಹಳೆ ಮೆಕ್ಯಾನಿಕ್ · ಭಾನುವಾರ ರಾತ್ರಿ 9:00

ತುಂಬ ಸಂತೋಷ ಆಯಿತು. ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ ತಂತಿ ಬಿಚ್ಚಿಸಿ. ಪದ್ಮಿನಿಯ ಪೆಟ್ರೋಲ್ ಟ್ಯಾಂಕ್ ಡಿಕ್ಕಿಯಲ್ಲೇ ಇರುವುದು, ಅದನ್ನು ಇಳಿಸಿ ದೂರ ಇಟ್ಟ ಮೇಲೆಯೇ ಬೆಂಕಿ ಹಚ್ಚಲು ಬಿಡಿ.

ಕುಶಾಲನಗರ ಹುಡುಗ · ಭಾನುವಾರ ರಾತ್ರಿ 9:25

ಅಣ್ಣಾ, ನನ್ನ 800ರ ಹಿಂದಿನ ಬ್ರೇಕ್ ಶೂ ಹಾಕಬೇಕು. ಮುಂದಿನ ಭಾನುವಾರ ನಿಮ್ಮ ಸ್ಟ್ಯಾಂಡ್ ಕೊಡುತ್ತೀರಾ? ಹಲಗೆಗಳೂ ಬೇಕು, ನಮ್ಮದು ತುಂಬಿದ ಮಣ್ಣು. ಇವತ್ತು ಸಲಾಕೆ ಚುಚ್ಚಿ ನೋಡಿದೆ.

ನಾಪೋಕ್ಲು ಪದ್ಮಿನಿ · ಭಾನುವಾರ ರಾತ್ರಿ 9:40

ಖಂಡಿತ ಕೊಡುತ್ತೇನೆ ತಮ್ಮಾ. ಆದರೆ ತುಂಬಿದ ಮಣ್ಣಾದರೆ ಅಲ್ಲಿ ಬೇಡ, ಗಾಡಿಯನ್ನೇ ಇಲ್ಲಿಗೆ ತಂದುಬಿಡು, ನಿನ್ನದು ಓಡುತ್ತದೆ ತಾನೇ. ಕಣ ಖಾಲಿ ಇದೆ, ದೊಡ್ಡಪ್ಪನಿಗೆ ಹೇಳಿದ್ದೇನೆ. ಮಳೆ ಮಧ್ಯಾಹ್ನದ ಮೇಲೆ ಬರುತ್ತಿದೆ, ಬೆಳಿಗ್ಗೆ ಏಳಕ್ಕೆ ಬಾ.